ನೀರಿನಡಿಯ ಊರು, ಪಿಡಿಎಫ್‌ನಲ್ಲಿ ಸಿಕ್ಕ ಆಯಿ

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಪಂಜಾಬಿ ಗೆಳತಿ ಒಂದು ದಿನ ಊಟದ ಹೊತ್ತಿಗೆ ಮೊಬೈಲ್ ಮುಂದೆ ಹಿಡಿದಳು. ಹರಿದ್ವಾರದ ಪಂಡಾಗಳು ತಲೆಮಾರುಗಳಿಂದ ಬರೆದಿಟ್ಟುಕೊಂಡು ಬಂದಿರೋ ಉದ್ದುದ್ದ ವಹಿಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಪುಟಗಳನ್ನು ಮೈಕ್ರೋಫಿಲ್ಮ್ ಮಾಡಿ ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟಿಗೆ ಹಾಕಿದ್ದಾರೆ. ಅದರಲ್ಲಿ ಅವಳ ಮುತ್ತಜ್ಜ ಗಂಗೆಗೆ ಬಂದಾಗ ಬರೆಸಿದ ಪುಟ ಇತ್ತು. ಅವನ ಅಪ್ಪನ ಹೆಸರು, ಅವರಪ್ಪನ ಹೆಸರು, ಊರು, ಎಲ್ಲಾ. ‘ನಿಮ್ಮ ಕಡೆ ಇಂಥದ್ದು ಏನಿದೆ?’ ಅಂತ ಕೇಳಿದಳು.

ನಮ್ಮ ಕಡೆ? ನಮ್ಮ ಊರೇ ಇಲ್ಲ ಮಾರಾಯ್ತಿ ಅಂದೆ. ತಮಾಷೆಗೆ ಹೇಳಿದ್ದಲ್ಲ. ಅಪ್ಪನ ಊರು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣಾ ದಂಡೆಗಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಮುಳುಗಿದ ಊರುಗಳ ಪೈಕಿ ಅದೂ ಒಂದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಅದು. ಊರವರು ಗಂಟುಮೂಟೆ ಕಟ್ಟಿದ್ದು ಮಾತ್ರ ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ. ಈಗ ಎಲ್ಲರೂ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಜನರ ಬಾಯಲ್ಲಿ ಅದು ‘ಆರ್‌ಸಿ’. ಊರಿಗೆ ಹೋಗ್ತೀನಿ ಅನ್ನೋದಿಲ್ಲ, ‘ಆರ್‌ಸಿಗೆ ಹೊಂಟೀನಿ’ ಅಂತಾರೆ.

ಆ ವಾರವೇ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಕಾಕಾನ ಮಗ ಒಂದು ಲಿಂಕ್ ಹಾಕಿದ. 2002ರ ಮತದಾರರ ಪಟ್ಟಿ ಆನ್‌ಲೈನಿಗೆ ಬಂದಿದೆ, ಪರಿಷ್ಕರಣೆ ಶುರುವಾದರೆ ಅದರಲ್ಲಿ ಅಪ್ಪ-ಅಮ್ಮನ ಹೆಸರು ಬೇಕಾಗುತ್ತಂತೆ, ಎಲ್ಲರೂ ಹುಡುಕಿಟ್ಕೊಳ್ಳಿ ಅಂತ. ನಿಮ್ಮ ಗ್ರೂಪಿಗೂ ಬಂದಿರಬಹುದು. ನಾನು ರಾತ್ರಿ ಹತ್ತೂವರೆಗೆ ಹಾಸಿಗೆಯಲ್ಲಿ ಬಿದ್ದುಕೊಂಡು ಓಪನ್ ಮಾಡಿದೆ. ಜಿಲ್ಲೆ, ಕ್ಷೇತ್ರ, ಭಾಗ ಸಂಖ್ಯೆ. ಒಂದು ಮಾತು ಹೇಳಿಬಿಡ್ತೀನಿ, ಇದು 2008ರ ಕ್ಷೇತ್ರ ಮರುವಿಂಗಡಣೆಗಿಂತ ಹಿಂದಿನ ಪಟ್ಟಿ. ನಿಮ್ಮ ಊರು ಈಗಿನ ಕ್ಷೇತ್ರದಲ್ಲಿ ಸಿಗದೇ ಇದ್ದರೆ ಹಳೇ ಕ್ಷೇತ್ರದಲ್ಲಿ ನೋಡಿ. ಮತ್ತೆ ನಾನು ತೆರೆದದ್ದು ಸ್ಕ್ಯಾನ್ ಮಾಡಿದ ಹಾಳೆ, ಹೆಸರು ಟೈಪ್ ಮಾಡಿ ಸರ್ಚ್ ಕೊಟ್ಟರೆ ಏನೂ ಬರಲಿಲ್ಲ. ಬೆರಳಲ್ಲಿ ಸರಿಸುತ್ತಾ ಒಂದೊಂದೇ ಸಾಲು ಓದಬೇಕು.

ಓದೋಕೆ ಬೇಜಾರಾಗಲಿಲ್ಲ. ಮನೆ ನಂಬರ್ ಪ್ರಕಾರ ಊರಿನ ಓಣಿ ಓಣಿಯೇ ಕಣ್ಣ ಮುಂದೆ ಹೋಗ್ತಾ ಇತ್ತು. ಅಪ್ಪ ಹೇಳುತ್ತಿದ್ದ ಬಡಿಗೇರ ಮನೆ, ಕಂಬಾರ ಮನೆ, ಪೂಜಾರರ ಮನೆ. ನೀರು ಬರೋ ಮುಂಚೆ ತೆಗೆದ ಕೊನೇ ಗ್ರೂಪ್ ಫೋಟೊ ಥರ. ಆಮೇಲೆ ನಮ್ಮ ಮನೆ ಬಂತು. ಅಜ್ಜ, ಆಯಿ, ದೊಡ್ಡಪ್ಪ, ದೊಡ್ಡವ್ವ, ಕಾಕಾ, ಚಿಗವ್ವ. ಅದೇ ಮನೆ ನಂಬರಿನ ಕೆಳಗೆ ಇನ್ನೊಂದು ಹೆಸರು. ಹೆಣ್ಣು, ವಯಸ್ಸು 71. ಮುಂದಿನ ಕಾಲಂನಲ್ಲಿ ‘ತಂ’ ಅಂತ ಹಾಕಿ ನನ್ನ ಮುತ್ತಜ್ಜನ ಹೆಸರು.

ಗಂಡನ ಹೆಸರಿರಬೇಕಾದ ಕಡೆ ತಂದೆಯ ಹೆಸರು. ಅಂದರೆ ಇವರು ಅಜ್ಜನ ಅಕ್ಕ. ಅಜ್ಜನಿಗೆ ಅಕ್ಕ ಇದ್ದರು ಅಂತ ಮೂವತ್ಮೂರು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಹೆಸರು ಇಲ್ಲಿ ಬರೆಯೋದಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಆದರೆ ಆ ರಾತ್ರಿ ಆ ಹೆಸರನ್ನು ನಾಲ್ಕೈದು ಸಲ ಗಟ್ಟಿಯಾಗಿ ಓದಿಕೊಂಡಾಗ ಒಂದು ಮುಖ ನೆನಪಾಯ್ತು. ಬೇಸಿಗೆ ರಜೆಯಲ್ಲಿ ಹೋದಾಗ ಅಡುಗೆಮನೆ ಮೂಲೆಯಲ್ಲಿ ಶೇಂಗಾ ಸುಲೀತಾ ಕೂತಿರುತ್ತಿದ್ದ ಮುದುಕಿ. ನಾನು ಹತ್ತಿರ ಹೋದರೆ ಹಿಡಿ ಕಾಳು, ಸಣ್ಣ ಬೆಲ್ಲದ ಚೂರು ಕೊಡುತ್ತಿದ್ದರು. ನಾವು ಮಕ್ಕಳೆಲ್ಲ ‘ಮೂಲಿ ಆಯಿ’ ಅಂತಿದ್ದೆವು. ಕೆಲಸಕ್ಕೆ ಬರುವ ನೆರೆಮನೆಯವರು ಅಂತ ನಾನು ಅಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದುಕೊಂಡೇ ಇದ್ದೆ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದವಾ, ನಮ್ಮತ್ತಿ. ಗಂಡ ಇನ್ನೊಬ್ಬಾಕಿನ್ನ ತಂದ. ತವರಿಗೆ ಬಂದ್ಬಿಟ್ಲು. ಮಕ್ಕಳಿರಲಿಲ್ಲ’ ಅಂದರು. ಅಷ್ಟೇ. ‘ಮತ್ತ ಯಾಕ ಹೇಳಲಿಲ್ಲ?’ ಅಂದರೆ, ‘ನೀ ಕೇಳಲಿಲ್ಲ’ ಅಂತ ಫೋನಿಟ್ಟರು.

ಇಷ್ಟೇ ಆಗಿದ್ದರೆ ನಾನು ಊರಿಗೆ ಹೋಗುತ್ತಿದ್ದೆನೋ ಇಲ್ಲವೋ. ಕಾಕಾ ಆಗಲೇ ಒಂದು ಕೆಲಸ ಹಚ್ಚಿದ್ದರು. ಹಿನ್ನೀರಿಗೆ ಸಿಗದೆ ಮೇಲೆ ಉಳಿದ ಎರಡು ಎಕರೆ ಹೊಲದ ಪಹಣಿಯಲ್ಲಿ ಇವತ್ತಿಗೂ ಮುತ್ತಜ್ಜನ ಹೆಸರೇ ಇದೆ. ಸತ್ತವರ ಹೆಸರಲ್ಲಿರೋ ಜಮೀನನ್ನು ವಾರಸುದಾರರಿಗೆ ಮಾಡಿಕೊಡೋ ಪೌತಿ ಖಾತೆ ಕೆಲಸಕ್ಕೆ ಸರ್ಕಾರ ಈಗ ‘ಇ-ಪೌತಿ’ ಅಂತ ಜೋರು ಹಚ್ಚಿದೆ. ಅದಕ್ಕೆ ವಂಶವೃಕ್ಷ ಬೇಕು. ‘ನೀ ಕಂಪ್ಯೂಟರ್‌ನಾಗ ಶ್ಯಾಣ್ಯಾಕಿ, ಬಂದು ಮಾಡಿಕೊಟ್ಟು ಹೋಗು’ ಅಂತ ಕಾಕಾ. ಅವಸರಕ್ಕೆ ಕಾರಣವೂ ಇತ್ತು. ಅಣೆಕಟ್ಟಿನಲ್ಲಿ ಈಗ 519.6 ಮೀಟರಿಗೆ ನೀರು ನಿಲ್ಲಿಸುತ್ತಾರೆ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಹಂಗೇನಾದರೂ ಏರಿಸಿದರೆ ಈ ಎರಡು ಎಕರೆಯೂ ಹೋಗುತ್ತದೆ, ಆಗ ಪರಿಹಾರದ ಚೆಕ್ಕು ತೀರಿಕೊಂಡ ಮುತ್ಯಾನ ಹೆಸರಿಗೆ ಬರೋ ಹಂಗಾಗಬಾರದು.

ಮೇ ಮೊದಲ ವಾರ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿ ನಿದ್ದೆ ಬರದೆ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ನೋಡುತ್ತಾ ಕೂತೆ. 1984ರಿಂದ ಒಂದೊಂದು ವರ್ಷದ ಉಪಗ್ರಹ ಚಿತ್ರ. ನಮ್ಮೂರಿನ ಜಾಗದ ಮೇಲೆ ಇಟ್ಟು ಪ್ಲೇ ಮಾಡಿದರೆ ಮೊದಮೊದಲು ತೆಳ್ಳಗಿನ ಕೃಷ್ಣೆ, ಎರಡೂ ಕಡೆ ಕಪ್ಪು ಎರೆ ಹೊಲ. 2000ದ ಆಸುಪಾಸಿಗೆ ಬರುತ್ತಿದ್ದಂತೆ ನೀಲಿ ಬಣ್ಣ ಎರಡು ಕಡೆಗೂ ಹಬ್ಬಿಬಿಡುತ್ತದೆ. ಕೆಲವೇ ಸೆಕೆಂಡು. ಒಂದು ಹತ್ತು ಸಲ ನೋಡಿರಬೇಕು. ಪಕ್ಕದ ಬರ್ತಿನ ಗದಗದ ಅಜ್ಜಿ ‘ಏನವಾ ಸಿನಿಮಾನ?’ ಅಂತ ಕೇಳಿದರು.

ಬಾಗಲಕೋಟೆ ಸ್ಟೇಷನ್ನಿಗೆ ಕಾಕಾ ಬೈಕ್ ತಂದಿದ್ದರು. ಹಳೇ ಬಾಗಲಕೋಟೆಯ ಎಷ್ಟೋ ಭಾಗ ಹಿನ್ನೀರಿಗೆ ಹೋದ ಮೇಲೆ ಕಟ್ಟಿದ ನವನಗರ ಚೌಕಾಕಾರದ ಸೆಕ್ಟರುಗಳ ಊರು. ವಿಳಾಸವೆಲ್ಲ ನಂಬರಿನಲ್ಲಿ. ಅಲ್ಲಿಂದ ಗದ್ದನಕೇರಿ ಕ್ರಾಸ್, ಅನಗವಾಡಿ ಹತ್ತಿರ ಘಟಪ್ರಭಾ ಸೇತುವೆ, ಆಮೇಲೆ ಬೀಳಗಿ ಕಡೆ. ಬಿಸಿಲು ಆಗಲೇ ಏರಿತ್ತು. ಆರ್‌ಸಿ ಮುಟ್ಟಿದ ಕೂಡಲೇ ಚಿಗವ್ವ ಬಿಸಿ ಜೋಳದ ರೊಟ್ಟಿ, ಬದನಿಕಾಯಿ ಪಲ್ಲೆ, ಶೇಂಗಾ ಹಿಂಡಿ, ಮೊಸರು ಇಟ್ಟರು. ಬೆಂಗಳೂರಲ್ಲಿ ಇದನ್ನೇ ಪ್ಲೇಟಿಗೆ ಇನ್ನೂರು ರೂಪಾಯಿ ಕೊಟ್ಟು ತಿನ್ನುತ್ತೇವೆ, ಈ ರುಚಿ ಇಲ್ಲ, ಆ ಮಾತು ಬಿಡಿ.

ಊಟ ಆದಮೇಲೆ ಕಾಕಾ ಟ್ರಂಕ್ ತೆಗೆದರು. ಜಮೀನು ಮುಳುಗಡೆಗೆ ಹೋದಾಗಿನ ಕಡತ. ಹಳೇ ಕೈಬರಹದ ಪಹಣಿಗಳು ‘ವಿಜಾಪುರ ಜಿಲ್ಲಾ’ ಅಂತಿವೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ, 1956ರ ತನಕ ಇದು ಮುಂಬಯಿ ರಾಜ್ಯ. ಹಳೇ ದಾಖಲೆ ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು. 1884ರ ವಿಜಾಪುರ ಗೆಜೆಟಿಯರ್ ಬೇಕೆಂದರೆ ‘ಬಾಂಬೆ ಪ್ರೆಸಿಡೆನ್ಸಿ’ ಅಂತ ಹುಡುಕಿದರೆ ಮಾತ್ರ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. 1876-78ರ ಭೀಕರ ಬರದ ವಿವರ ಅದರಲ್ಲಿದೆ. ನಮ್ಮ ಮನೆತನದ ನೆನಪು ಅದಕ್ಕಿಂತ ಹಿಂದೆ ಯಾಕೆ ಹೋಗೋದಿಲ್ಲ ಅಂತ ಓದಿದಾಗ ಅಂದಾಜಾಯಿತು.

ಕಡತದ ಮಧ್ಯೆ ಒಂದು ಝೆರಾಕ್ಸ್ ಹಾಳೆ. ಆವಾಗ ಪರಿಹಾರಕ್ಕೆ ಕೊಟ್ಟ ವಂಶವೃಕ್ಷ. ಮೇಲೆ ಮುತ್ತಜ್ಜ, ಕೆಳಗೆ ಒಂದೇ ಗೆರೆ, ಅಜ್ಜ. ಅಜ್ಜನ ಕೆಳಗೆ ಮೂರು ಗಂಡುಮಕ್ಕಳು. ಆ ದುಂಡು ಅಕ್ಷರ ನನಗೆ ಚೆನ್ನಾಗಿ ಗೊತ್ತು. ಸ್ಕೂಲ್ ಡೈರಿಯಲ್ಲಿ, ರೇಷನ್ ಚೀಟಿಯಲ್ಲಿ, ನನ್ನ ಪುಸ್ತಕಗಳ ಮೇಲಿನ ಲೇಬಲ್ಲಿನಲ್ಲಿ ನೋಡಿದ ಅಕ್ಷರ. ಬರೆದದ್ದು ಅಪ್ಪ.

ಮನೆಯಲ್ಲಿ ಓದಿದವರು ಅವರೊಬ್ಬರೇ, ಬ್ಯಾಂಕಿನ ನೌಕರಿ, ಅವರ ಹತ್ತಿರ ಬರೆಸಿರಬೇಕು, ಸರಿ. ಆದರೆ ಮುತ್ತಜ್ಜನ ಕೆಳಗೆ ಎರಡನೇ ಗೆರೆ ಇಲ್ಲ. ಆ ಹಾಳೆ ಬರೆಯುವ ಹೊತ್ತಿಗೆ ಮೂಲಿ ಆಯಿ ಅದೇ ಮನೆಯಲ್ಲಿ ಶೇಂಗಾ ಸುಲೀತಾ ಕೂತಿದ್ದರು.

‘ಕಾಕಾ, ಈ ಸಲ ಬರೆಯೋದರಲ್ಲಿ ಇವರ ಹೆಸರು ಹಾಕೋಣ’ ಅಂದೆ, ಮೊಬೈಲಿನಲ್ಲಿ ಪಟ್ಟಿ ತೋರಿಸಿ. ಕಾಕಾ ಕನ್ನಡಕ ಏರಿಸಿ ಓದಿದರು. ‘ಅಬಬಾ, ಅತ್ತಿ ಹೆಸರು! ವೋಟು ತಪ್ಪಿಸ್ತಿರಲಿಲ್ಲ ನೋಡಾಕಿ. ನಸೀಕಿನ್ಯಾಗ ಹೋಗಿ ಪಾಳೇಕ್ ನಿಲ್ತಿದ್ಲು’ ಅಂದರು. ಆಮೇಲೆ ಮುಖ ಗಂಟು ಹಾಕಿಕೊಂಡು, ‘ಹಾಕಿದ್ರ ಮರಣ ದಾಖಲೆ ಕೇಳ್ತಾರ. ಆಕಿದು ಬರಸೇ ಇಲ್ಲ. ಮಕ್ಕಳಿಲ್ಲ, ಮರಿಯಿಲ್ಲ, ಯಾಕ ಸುಮ್ನ? ಕೆಲಸ ನಿಲ್ತೈತಿ’ ಅಂದರು.

ಕಾಕಾ ಹೇಳಿದ್ದು ಸುಳ್ಳಲ್ಲ. ಈಗಿನ ಸಾವುಗಳಾದರೆ ಇ-ಜನ್ಮ ತಂತ್ರಾಂಶದಲ್ಲಿ ಇರುತ್ತವೆ, ಪ್ರಮಾಣಪತ್ರ ಬೇಗ ಸಿಗುತ್ತೆ. ಸತ್ತು ವರ್ಷ ದಾಟಿದ ಮೇಲೆ ನೋಂದಾಯಿಸೋಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ಅರ್ಜಿ, ಅಫಿಡವಿಟ್, ಸಾಕ್ಷಿ. ಎಲ್ಲಕ್ಕಿಂತ ಮೊದಲು ಸತ್ತ ದಿನಾಂಕ ಬೇಕು. ಅದು ಯಾರಿಗೂ ನೆನಪಿಲ್ಲ. ಇಲ್ಲಿ ಬಂದ ಮೇಲೆ ಒಂದೆರಡು ವರ್ಷಕ್ಕೆ ಹೋದ್ಲು, ಮಳಿಗಾಲ ಶುರು ಇತ್ತು ಅನ್ನೋದಷ್ಟೇ ಚಿಗವ್ವನ ಲೆಕ್ಕ.

ಸಂಜೆಗೆ ಹೆಳವರು ಬಂದರು. ಇವರ ಬಗ್ಗೆ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಮನೆತನದ ಚರಿತ್ರೆ ಹೇಳೋದೇ ಕಸುಬಾದ ಸಮುದಾಯ ಇದು. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ, ತಮ್ಮ ಪಾಲಿಗೆ ಬಂದ ಮನೆಗಳಿಗೆ ಹೋಗಿ, ಮೂಲಪುರುಷನಿಂದ ಹಿಡಿದು ಇವತ್ತಿನ ಕೂಸಿನ ತನಕ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಜೋಳವೋ ದುಡ್ಡೋ ತಗೊಂಡು ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ. ಇವರು ಬೈಕಿನ ಮೇಲೆ ಬಂದರು. ಪಕ್ಕದೂರಲ್ಲಿ ಬಿಡಾರ ಹೂಡಿದ್ದರು, ಕಾಕಾ ಫೋನ್ ಮಾಡಿ ಕರೆಸಿದ್ದು. ಬಟ್ಟೆ ಗಂಟಿನಿಂದ ಉದ್ದನೆಯ ಪುಸ್ತಕ ತೆಗೆದು ಒಂದೇ ಉಸಿರಿಗೆ ಏಳು ತಲೆಮಾರು ಹೇಳಿದರು. ನನಗೆ ಮೈ ಜುಮ್ ಅಂತು. ಭೂಮಿ ವೆಬ್‌ಸೈಟಿನಲ್ಲಿ ಮುತ್ತಜ್ಜನ ಹೆಸರಿಗೇ ನಿಂತುಹೋಗುವ ದಾರಿ ಇವರ ಬಾಯಲ್ಲಿ ಇನ್ನೂ ನಾಲ್ಕು ಮೆಟ್ಟಿಲು ಮೇಲೇರಿತು.

‘ಯಜಮಾನ್ರ, ನಮ್ಮ ಅಜ್ಜನ ಅಕ್ಕನ ಹೆಸರು?’ ಅಂದೆ.

ಅವರು ಪುಟ ತಿರುವಿದರು. ‘ಇದರಾಗ ಗಂಡಸರ ಸಾಲು ಅಷ್ಟ ಐತ್ರೆವಾ. ಹೆಣ್ಣಮಕ್ಕಳು ಕೊಟ್ಟ ಮನಿಗೆ ಹೋದ್ರಲ್ಲ.’

ಏಳು ತಲೆಮಾರಿನ ಪುಸ್ತಕದಲ್ಲಿ ಇಲ್ಲ, ಅಪ್ಪ ಬರೆದ ಹಾಳೆಯಲ್ಲಿ ಇಲ್ಲ, ಪಹಣಿಯಲ್ಲಂತೂ ಇಲ್ಲವೇ ಇಲ್ಲ. ವೋಟರ್ ಲಿಸ್ಟಿನಲ್ಲಿ ಇದ್ದಾರೆ. 1951-52ರ ಮೊದಲ ಚುನಾವಣೆಯಲ್ಲಿ ಉತ್ತರದ ರಾಜ್ಯಗಳ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರಂತೆ. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಾಗೆ ಆಗೋದಿಲ್ಲ, ಸ್ವಂತ ಹೆಸರೇ ಬೇಕು ಅಂದರು. ಕೊನೆಗೂ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಕಠಿಣ ಅನಿಸುತ್ತೆ. ಆದರೆ ಆ ಹಟದಿಂದಲೇ ಐವತ್ತು ವರ್ಷ ಆದಮೇಲೆ ನಮ್ಮ ಮನೆ ಬಾಗಿಲಿಗೆ ಬಂದವರು ಮೂಲೆಯಲ್ಲಿ ಕೂತ ಮುದುಕಿಯ ಹೆಸರನ್ನೂ ಕೇಳಿ ಬರೆದುಕೊಂಡರು. ಗಂಡನ ಹೆಸರು ಬಿಟ್ಟು ತಂದೆಯ ಹೆಸರು ಕೊಟ್ಟದ್ದು ಅವರೇ ಇರಬೇಕು. ಮನೆಯ ಬೇರೆ ಯಾರಾದರೂ ಹೇಳಿದ್ದರೆ ಗಂಡನ ಹೆಸರೇ ಬರುತ್ತಿತ್ತು ಅಂತ ನನಗನಿಸುತ್ತೆ. ಚಿಗವ್ವನೂ ಹೌದೆಂದರು.

ಮರುದಿನ ನಸುಕಿಗೆ ಕಾಕಾ ಹಳೇ ಊರಿಗೆ ಕರಕೊಂಡು ಹೋದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಲವು ವಾರ ಊರು ಹೊರಗೆ ಬರುತ್ತದೆ. ಬಿರುಕುಬಿಟ್ಟ ಕೆಸರು, ಕಾಲಿಟ್ಟಲ್ಲೆಲ್ಲ ಸಣ್ಣ ಸಣ್ಣ ಚಿಪ್ಪು. ಗುಡಿಯ ಕಲ್ಲಿನ ಗೋಡೆ ಅರ್ಧ ನಿಂತಿದೆ. ಒಣಗಿದ ಬೇವಿನ ಬೊಡ್ಡೆ. ಉಳಿದ ಮನೆಗಳೆಲ್ಲ ಕಲ್ಲಿನ ಗುಂಪು ಅಷ್ಟೇ. ಊರು ಬಿಡುವಾಗ ತೊಲೆ, ಬಾಗಿಲು, ಕಿಟಕಿ ಬಿಚ್ಚಿಕೊಂಡು ಹೋಗಿದ್ದರಂತೆ. ಕಾಕಾನ ಈಗಿನ ಮನೆಯ ತಲಬಾಗಿಲು ಇಲ್ಲಿಯದೇ.

ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಆನ್‌ಲೈನಿನಲ್ಲಿ ಡೌನ್‌ಲೋಡ್ ಆಗುತ್ತವೆ. ನಮ್ಮೂರಿಂದು ಇಳಿಸಿಕೊಂಡಿದ್ದೆ. ಜೊತೆಗೆ ದಿಶಾಂಕ್ ಆ್ಯಪ್. ನಿಂತ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರು ಅಂತ ಅದು ತೋರಿಸುತ್ತದೆ. ಸೈಟು ನೋಡೋರು ಬಳಸುತ್ತಾರಲ್ಲ, ಅದೇ. ಸಿಗ್ನಲ್ ಒಂದು ಕಡ್ಡಿ ಇತ್ತು. ಕೆಸರಿನ ನಡುವೆ ನಿಂತು ಒತ್ತಿದೆ. ಸ್ವಲ್ಪ ಹೊತ್ತು ತಿರುಗಿ ತಿರುಗಿ ಊರಿನ ಹೆಸರು ಬಂತು. ಆರ್‌ಸಿಯ ಹೆಸರಲ್ಲ, ಹಳೇ ಊರಿನ ಹೆಸರು, ಹೋಬಳಿ, ಪಕ್ಕದಲ್ಲಿ ಸರ್ವೆ ನಂಬರು. ಕಾಕಾ ಮೊಬೈಲ್ ಕಸಿದುಕೊಂಡು ನೋಡಿದರು. ‘ಇನ್ನೂ ಐತೇನು ಇದು?’ ಅಂದರು. ಆಮೇಲೆ ತಾವೇ ಮುಂದೆ ಮುಂದೆ ಹೋಗಿ ಒಂದೊಂದು ಕಡೆ ನಿಂತು ಒತ್ತೋಕೆ ಶುರು ಮಾಡಿದರು. ಇದು ಯಾರ ಹೊಲ, ಇಲ್ಲಿ ಬಾವಿ, ಇಲ್ಲಿ ನಮ್ಮ ಕಣ. ಅವರಿಗೆ ಆ್ಯಪ್ ಬೇಕಾಗಿಯೇ ಇರಲಿಲ್ಲ, ಅದು ಹೇಳಿದ್ದು ಸರಿ ಇದೆಯಾ ಅಂತ ಪರೀಕ್ಷೆ ಮಾಡುತ್ತಿದ್ದರು. ಎರಡು ಕಡೆ ತಪ್ಪು ಅಂದರು.

ಮನೆಯ ಜಾಗ ಬಂತು. ಪಾಯದ ಕಲ್ಲು ಕಾಣುತ್ತಿತ್ತು. ಪಡಸಾಲೆ, ದನದ ಕೊಟ್ಟಿಗೆ, ಅಡುಗೆಮನೆ ಅಂತ ಕಾಕಾ ಹೆಜ್ಜೆ ಹಾಕಿ ತೋರಿಸಿದರು. ಅಡುಗೆಮನೆ ಮೂಲೆಗೆ ಬಂದಾಗ ಇಬ್ಬರೂ ನಿಂತೆವು. ಕಾಕಾ ಚಪ್ಪಲಿ ಬಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ‘ನಮ್ಮವ್ವಗ ಬ್ಯಾನಿ ಇದ್ದಾಗ ನನ್ನ ಸಾಕಿದಾಕಿ ಅತ್ತೀನ’ ಅಂದರು. ತುಸು ಹೊತ್ತು ಬಿಟ್ಟು, ‘ಹಾಕು. ಹೆಸರು ಹಾಕು. ನಿಂತರ ನಿಲ್ಲಲಿ ಕೆಲಸ.’

ದಿನಾಂಕ ಮಾತ್ರ ಸಿಗಲಿಲ್ಲ. ಗ್ರಾಮ ಪಂಚಾಯಿತಿಯ ಹಳೇ ರಿಜಿಸ್ಟರ್ ಇರಲಿಲ್ಲ, ಆಶಾ ಕಾರ್ಯಕರ್ತೆಯರು ಆಗಿನ್ನೂ ಬಂದಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಅಪ್ಪನ ಮನೆಗೆ ಹೋದೆ. ಝೆರಾಕ್ಸ್ ಹಾಳೆ ಟೇಬಲ್ ಮೇಲೆ ಇಟ್ಟೆ. ಜಗಳ ಆಡೋಕೆ ಅಂತ ಹೋದದ್ದು, ಆಡಲಿಲ್ಲ. ಅಪ್ಪ ಹಾಳೆಯನ್ನು ನೋಡಿದರು, ಮುಟ್ಟಲಿಲ್ಲ. ‘ಗಂಡುಮಕ್ಕಳ ಹೆಸರು ಸಾಕು ಅಂದ್ರು ಕಚೇರಿಯಾಗ. ನಾನೂ ಸಾಕು ಅಂದ್ಕೊಂಡೆ’ ಅಂದರು. ಮಗಳಿಗೆ ಪಾಲು ಅನ್ನೋದು 1956ರ ಕಾಯ್ದೆಯಲ್ಲೇ ಇತ್ತು ಅಪ್ಪಾ ಅಂದೆ. ‘ಗೊತ್ತಿತ್ತು. ಬ್ಯಾಂಕಿನಾಗ ಇದ್ದೆ ನಾನು’ ಅಂದರು. ಆಮೇಲೆ ಟಿವಿ ಹಾಕಿಕೊಂಡರು.

ಎರಡು ದಿನ ಬಿಟ್ಟು ರಾತ್ರಿ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಬಿಳಿ ಹಾಳೆ, ಅದೇ ದುಂಡು ಅಕ್ಷರ, ಈಗ ಸ್ವಲ್ಪ ನಡುಗಿದೆ. ಮುತ್ತಜ್ಜನ ಕೆಳಗೆ ಎರಡು ಗೆರೆ. ಎಡಗಡೆ, ಅಜ್ಜನಿಗಿಂತ ಮೊದಲು, ಅವರ ಅತ್ತೆಯ ಹೆಸರು. ಕೆಳಗೆ ಬರೆದಿದ್ದರು: ‘2003, ಕಾರಹುಣ್ಣಿಮಿ ಮರುದಿನ. ಆಯ್ತವಾರ ಇತ್ತು. ಬ್ಯಾಂಕಿಗೆ ರಜಾ ಹಾಕಿರಲಿಲ್ಲ, ಮಣ್ಣು ಮಾಡಿ ರಾತ್ರಿ ಗಾಡಿಗೆ ವಾಪಸ್ ಬಂದಿದ್ದೆ.’

ಆನ್‌ಲೈನ್ ಪಂಚಾಂಗ ತೆಗೆದು ನೋಡಿದೆ. 2003ರ ಜ್ಯೇಷ್ಠ ಹುಣ್ಣಿಮೆ ಜೂನ್ 14, ಶನಿವಾರ. ಮರುದಿನ ಜೂನ್ 15, ಭಾನುವಾರ. ಕಾಕಾನಿಗೆ ಫಾರ್ವರ್ಡ್ ಮಾಡಿದೆ. ‘ಅಣ್ಣಗ ನೆನಪೈತಿ ನೋಡು’ ಅಂತ ವಾಯ್ಸ್ ಮೆಸೇಜ್ ಬಂತು. ಅರ್ಜಿಯಲ್ಲಿ ಖಾಲಿ ಬಿಟ್ಟಿದ್ದ ಕಾಲಂ ತುಂಬಿ ಕೊಟ್ಟಿದ್ದೇವೆ. ಆದೇಶ ಇನ್ನೂ ಬಂದಿಲ್ಲ, ಪೌತಿ ಖಾತೆಯೂ ಆಗಿಲ್ಲ. ಹೆಳವರಿಗೂ ಕಾಕಾ ಫೋನ್ ಮಾಡಿ ಪುಸ್ತಕದಲ್ಲಿ ಒಂದು ಹೆಸರು ಸೇರಿಸಬೇಕು ಅಂದರಂತೆ. ಮುಂದಿನ ಸುಗ್ಗಿಗೆ ಬಂದಾಗ ಬರೆಯುತ್ತೇನೆ, ಅದಕ್ಕೆ ಒಂದು ಚೀಲ ಜೋಳ ಬೇರೆ ಅಂದಿದ್ದಾರೆ.